ಮ್ಯೂಸಿಯಮ್ಮಿಗೆ ಹೋಗಿ ನಾಯಿ ತಂದದ್ದು

ಮಕ್ಕಳಲ್ಲಿ ಇತಿಹಾಸಪ್ರಜ್ಞೆ ಬೆಳೆಸಬೇಕೆಂಬ ಕಾಳಜಿ ನನ್ನಲ್ಲಿ ಉಕ್ಕುವುದು ಸಾಮಾನ್ಯವಾಗಿ ಅಟ್ಟದ ಸಾಮಾನು ಇಳಿಸಿ ಧೂಳು ಹೊಡೆಯಬೇಕಾದ ಭಾನುವಾರಗಳಂದು. ವಾರದ ಮಿಕ್ಕ ದಿನ ಕದಂಬರು, ಗಂಗರು, ಹೊಯ್ಸಳರು ಯಾರೂ ನನ್ನ ತಂಟೆಗೆ ಬರುವುದಿಲ್ಲ. ಹೆಂಡತಿ ಏಣಿ ತಂದು ಗೋಡೆಗೆ ಒರಗಿಸಿದಳೋ, ಇಡೀ ಕರ್ನಾಟಕದ ಪರಂಪರೆ ಬಂದು ನನ್ನ ಹೆಗಲ ಮೇಲೆ ಕೂರುತ್ತದೆ.

“ಈ ಮಕ್ಕಳಿಗೆ ತಾವು ನಿಂತಿರೋ ನೆಲದ ಚರಿತ್ರೆಯೇ ಗೊತ್ತಿಲ್ಲ,” ಎಂದೆ ಪೇಪರ್ ಮಡಚಿಟ್ಟು.

“ನಿಂತಿರೋ ನೆಲ ಬಾಡಿಗೇದು,” ಎಂದಳು ಅವಳು, ಏಣಿಯ ಕಾಲಿಗೆ ಹಳೇ ಚಪ್ಪಲಿ ಒತ್ತುಕೊಡುತ್ತಾ.

ಕೆಲವು ವರ್ಷಗಳ ಹಿಂದಿನ ಮಾತು. ನಾವಿರುವುದು ಬೇಗೂರು ರಸ್ತೆಯಿಂದ ಒಳಕ್ಕೆ ಹೊರಳುವ ಒಂದು ಕ್ರಾಸಿನಲ್ಲಿ, ಎರಡನೇ ಮಹಡಿ. ಮಗ ಆಗ ಐದನೇ ಕ್ಲಾಸು. ಅವನ ಮಟ್ಟಿಗೆ ಇತಿಹಾಸವೆಂದರೆ ಬಿಟ್ಟ ಸ್ಥಳ ತುಂಬುವುದು. ಮಗಳು ಪುಟ್ಟಿ ಒಂದನೇ ಕ್ಲಾಸು, ಅವಳಿಗೆ ನಿನ್ನೆಗಿಂತ ಹಿಂದಿನದೆಲ್ಲ “ಡೈನೋಸಾರ್ ಟೈಮು”. ನನಗೋ ಶಾಸನಗಳ ಹುಚ್ಚು ಕಾಲೇಜಿನಿಂದಲೇ ಇದೆ. ಎಂ.ಎ.ಯಲ್ಲಿ ಶಾಸನಶಾಸ್ತ್ರದ ಪೇಪರ್ ತೆಗೆದುಕೊಂಡಿದ್ದೆ. ಅದರಲ್ಲಿ ದಕ್ಕಿದ್ದು ಪಾಸಾಗುವಷ್ಟು ಅಂಕ, ಮನೆಯೊಳಗೆ ವಿದ್ವಾಂಸನೆನಿಸಿಕೊಳ್ಳುವಷ್ಟು ಹಳಗನ್ನಡ. ಆಮೇಲೆ ಹೊಟ್ಟೆಪಾಡು ನನ್ನನ್ನು ವಿಮೆಯ ಕೆಲಸಕ್ಕೆ ಹಚ್ಚಿತು. ಕ್ಲೇಮು ಅರ್ಜಿಯ ಕೆಳಗೆ ಸಹಿ ಹಾಕುವಾಗ ಈಗಲೂ ಒಮ್ಮೊಮ್ಮೆ “ಮಂಗಳ ಮಹಾ ಶ್ರೀ” ಎಂದು ಬರೆಯಲು ಕೈ ತುಡಿಯುತ್ತದೆ.

“ಕಸ್ತೂರ್ಬಾ ರಸ್ತೆ ಮ್ಯೂಸಿಯಮ್ಮಿಗೆ ಕರಕೊಂಡು ಹೋಗ್ತೀನಿ. ಅಟ್ಟ ಎಲ್ಲಿಗೂ ಓಡಿಹೋಗಲ್ಲ,” ಎಂದೆ.

ಹೆಂಡತಿ ನನ್ನ ಮುಖವನ್ನೂ ಅಟ್ಟವನ್ನೂ ನೋಡಿದಳು. “ಸರಿ, ನಾನೂ ಬರ್ತೀನಿ. ಅಮ್ಮನೂ ಬರ್ತಾಳೆ. ಚಿತ್ರಾನ್ನ ಕಟ್ಕೋತೀನಿ,” ಎಂದಳು. ಕಣ್ಣು ತೋರಿಸಲೆಂದು ಮದ್ದೂರು ಕಡೆಯಿಂದ ಬಂದಿದ್ದ ಅತ್ತೆ ಆಗಲೇ ತಲೆ ಬಾಚಿ ಮಲ್ಲಿಗೆ ಮುಡಿದು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು. ಅವರನ್ನು ಎಲ್ಲಿಗೆ ಕರೆದರೂ ಮೊದಲು ಹೊರಟು, ಆಮೇಲೆ ಎಲ್ಲಿಗೆ ಎಂದು ಕೇಳುವವರು.

ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಸರ್ಕಾರಿ ವಸ್ತುಸಂಗ್ರಹಾಲಯದ ಮಗ್ಗುಲಲ್ಲೇ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. ಅದರ ಅಂಗಳದಲ್ಲಿ ವಿಮಾನ ನಿಂತಿದೆ, ರೈಲಿನ ಎಂಜಿನ್ ನಿಂತಿದೆ. ಹಿಂದುಗಡೆ ಕಬ್ಬನ್ ಪಾರ್ಕು, ಅದರೊಳಗೆ ಬಾಲಭವನದ ಪುಟಾಣಿ ರೈಲು. ಇವೆಲ್ಲದರ ನಡುವೆ ಕೆಂಪು ಬಣ್ಣದ ಕಂಬಗಳ ಹಳೇ ಕಟ್ಟಡವೊಂದನ್ನು ತೋರಿಸಿ, “ಬನ್ನಿ ಮಕ್ಕಳೇ, ಇದರೊಳಗೆ ಕಲ್ಲುಗಳಿವೆ” ಎಂದು ಕರೆಯಬೇಕು. ಅಷ್ಟು ಹೊತ್ತಿಗೆ ಮಗ ವಿಮಾನದತ್ತ ಹತ್ತು ಹೆಜ್ಜೆ ಹೋಗಿಯಾಗಿತ್ತು. ನಾನು ಕಾಲರ್ ಹಿಡಿದು ತಿರುಗಿಸಿಕೊಂಡು ಬಂದೆ. ಇತಿಹಾಸಪ್ರಜ್ಞೆ ಬೆಳೆಸುವಾಗ ಮೊದಮೊದಲು ಇಷ್ಟು ಬಲಪ್ರಯೋಗ ಬೇಕಾಗುತ್ತದೆ.

ಟಿಕೆಟ್ ಹರಿಸಿ, ಮೆಟ್ಟಿಲ ಮೇಲೆ ಎಲ್ಲರನ್ನೂ ನಿಲ್ಲಿಸಿ ಪೀಠಿಕೆ ಹಾಕಿದೆ. “ಇದು ಶುರುವಾಗಿದ್ದು 1865ರಲ್ಲಿ. ಎಡ್ವರ್ಡ್ ಬಾಲ್ಫರ್ ಅಂತ ಒಬ್ಬ ಡಾಕ್ಟರು, ಮದರಾಸಿನ ಮ್ಯೂಸಿಯಂ ಸ್ಥಾಪಿಸಿದವನೂ ಅವನೇ. ಮೊದಲು ಇದು ಇದ್ದದ್ದು ಮ್ಯೂಸಿಯಂ ರಸ್ತೆಯಲ್ಲಿ, ದಂಡಿನ ಹಳೇ ಜೈಲಿನ ಕಟ್ಟಡದೊಳಗೆ.”

“ಜೈಲಿಂದ ಯಾವಾಗ ಬಿಟ್ರು?” ಎಂದ ಮಗ. ಮೊದಲ ಬಾರಿಗೆ ಅವನಾಗಿ ಕೇಳಿದ ಇಸವಿ.

“1877ರ ಹೊತ್ತಿಗೆ ಈ ಕಟ್ಟಡಕ್ಕೆ ಬಂತು. ಇದರ ನಕ್ಷೆ ಮಾಡಿದವನು ಕರ್ನಲ್ ಸ್ಯಾಂಕಿ. ಸ್ಯಾಂಕಿ ಕೆರೆ ಇದೆಯಲ್ಲ, ಅದೇ ಸ್ಯಾಂಕಿ.”

“ಹನ್ನೆರಡು ವರ್ಷ ಒಳಗಿತ್ತು ಅಂದ್ರೆ ಒಳ್ಳೇ ವಕೀಲ ಸಿಕ್ಕಿಲ್ಲ,” ಎಂದಳು ಹೆಂಡತಿ ಚಿತ್ರಾನ್ನದ ಚೀಲವನ್ನು ಕೈ ಬದಲಾಯಿಸುತ್ತಾ.

ಒಳಗೆ ಹೋದದ್ದೇ ಪುಟ್ಟಿ ಒಂದು ಹೊಯ್ಸಳ ವಿಗ್ರಹದ ಮುಂದೆ ನಿಂತಳು. ಮೈತುಂಬ ಒಡವೆ, ಉಗುರಿನಷ್ಟಗಲದ ಜಾಗವನ್ನೂ ಶಿಲ್ಪಿ ಖಾಲಿ ಬಿಟ್ಟಿಲ್ಲ. ಆದರೆ ಮೊಣಕೈಯಿಂದ ಕೆಳಗೆ ಕೈಗಳಿಲ್ಲ.

“ಅಪ್ಪಾ, ಇವರ ಕೈ ಯಾರು ಮುರಿದ್ರು?”

ಮಗುವಿಗೆ ದಾಳಿ, ಲೂಟಿ, ನಿರ್ಲಕ್ಷ್ಯಗಳ ಕತೆ ಯಾಕೆಂದು, “ಕಾಲ, ಪುಟ್ಟಿ” ಎಂದೆ ಗಂಭೀರವಾಗಿ.

“ಕಾಲಲ್ಲಿ ಒದ್ದು ಮುರಿದ್ರಾ?”

ಅಲ್ಲಿಂದಾಚೆ ಅವಳು ಪ್ರತಿ ಭಗ್ನ ವಿಗ್ರಹದ ಮುಂದೆಯೂ ನಿಂತು, “ಇದಕ್ಕೂ ಒದ್ದಿದಾರೆ” ಎಂದು ಮಹಜರು ಮಾಡುತ್ತಾ ಬಂದಳು. ಎದುರಿಗೆ ಬಂದ ದಂಪತಿ ನನ್ನನ್ನೇ ಅನುಮಾನದಿಂದ ನೋಡಿದರು.

ಅತ್ತೆಯವರ ದಾರಿಯೇ ಬೇರೆ. ಹೊಸ್ತಿಲಲ್ಲೇ ಚಪ್ಪಲಿ ಕಳಚಿ ಕೈಗೆತ್ತಿಕೊಂಡು, ಸಾಲಿನಲ್ಲಿದ್ದ ದೇವರಿಗೆಲ್ಲ ಒಂದೊಂದಾಗಿ ಕೈ ಮುಗಿಯುತ್ತಾ ಹೋದರು. ಒಂದು ಗಣಪತಿಯ ಪಾದದ ಬಳಿ ಎರಡು ರೂಪಾಯಿಯ ನಾಣ್ಯ ಇಟ್ಟದ್ದನ್ನು ಕಂಡು ಕಾವಲಿನವರು ಎದ್ದು ಬಂದರು.

“ಅಮ್ಮಾ, ಇಲ್ಲಿ ಪೂಜೆ ಇಲ್ಲ ಕಣಮ್ಮ.”

“ಪೂಜೆ ಇಲ್ದೆ ಇರೋಕೆ ಇಷ್ಟು ಜನ ದೇವ್ರನ್ನ ಯಾಕಪ್ಪ ನಿಲ್ಸೀರಿ, ಸೀಮೆಎಣ್ಣೆ ಕ್ಯೂ ನಿಲ್ಸಿದಂಗೆ?” ಎಂದರು ಅತ್ತೆ. ಕಾವಲಿನವರು ಒಳ್ಳೆಯ ಮನುಷ್ಯ. ನಾಣ್ಯವನ್ನು ಅತ್ತೆಯ ಕೈಗೇ ಕೊಟ್ಟು, ತಾವೂ ಗಣಪತಿಗೆ ಒಂದು ಅರ್ಧ ನಮಸ್ಕಾರ ಹಾಕಿ ಹೋದರು.

ಚಂದ್ರವಳ್ಳಿಯ ಉತ್ಖನನದ ಮಡಕೆ ಚೂರು, ಕೊಡಗಿನ ಕತ್ತಿಗಳು, ಇವನ್ನೆಲ್ಲ ನಾವು ದಾಟಿಕೊಂಡು ಹೋದೆವು ಎನ್ನುವುದಕ್ಕಿಂತ ಮಕ್ಕಳು ನನ್ನನ್ನು ದಾಟಿಸಿದರು ಎನ್ನುವುದು ಸರಿ. ಮಡಕೆ ಚೂರು ಕಂಡು ಪುಟ್ಟಿ, “ನಾನು ಹೂಜಿ ಒಡೆದಾಗ ಬೈದ್ರಲ್ಲ, ಹಾಗೇ ಎತ್ತಿಡಬೇಕಿತ್ತು” ಎಂದಳು. ಅವಳ ಅಮ್ಮ ಇದು ತನಗೆ ಹೇಳಿದ್ದಲ್ಲವೆಂಬಂತೆ ಕತ್ತಿಗಳನ್ನು ನೋಡತೊಡಗಿದಳು.

ನಾನು ಕಾಯುತ್ತಿದ್ದದ್ದು ಬೇಗೂರಿನ ವೀರಗಲ್ಲಿಗಾಗಿ. ನಮ್ಮ ಮನೆ ಇರುವ ಬೇಗೂರೇ. ಹಾಲು ತರುವ, ಗ್ಯಾಸಿಗೆ ಕಾಯುವ, ಮಳೆ ಬಂದರೆ ಸ್ಕೂಟರ್ ಮುಳುಗುವ ಆ ಬೇಗೂರು ಹತ್ತನೇ ಶತಮಾನದಲ್ಲೇ ಒಂದು ಮಹಾಯುದ್ಧಕ್ಕೆ ಸಂಬಂಧಪಟ್ಟಿತ್ತೆಂದರೆ ಯಾವ ಮಗುವಿಗೆ ರೋಮಾಂಚನವಾಗದು? ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಒಯ್ಯುವುದು, ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು ಇರುತ್ತವೆ. ಬೇಗೂರಿನ ಕಲ್ಲು ಹಾಗಲ್ಲ. ಕಾಳಗವೇ ಕಲ್ಲನ್ನೆಲ್ಲ ತುಂಬಿಕೊಂಡಿದೆ. ಆನೆ ಮೇಲೆ ಆನೆ ಬಿದ್ದಿದೆ, ಕುದುರೆ ನುಗ್ಗಿದೆ, ಬಿಲ್ಲಿನವರು, ಕತ್ತಿಯವರು, ಕೆಳಗೆ ಬಿದ್ದವರು. ಕಾಲಿಡಲು ಜಾಗವಿಲ್ಲ.

“ಗಂಗರ ಎರೆಯಪ್ಪನ ಕಡೆಯಿಂದ ನಾಗತ್ತರ ಸೈನ್ಯ ತಗೊಂಡು ಹೋದ. ಎದುರಿಗೆ ವೀರಮಹೇಂದ್ರ. ಆನೆಗಳ ನಡುವೆ ನುಗ್ಗಿ ಹೊಡೆದಾಡಿ ನಾಗತ್ತರ ಸತ್ತ,” ಎಂದು ಕೈಯಾಡಿಸಿ ವಿವರಿಸಿದೆ.

ಮಗ ಕಲ್ಲನ್ನು ಮೇಲಿಂದ ಕೆಳಗೆ ನೋಡಿದ. “ಬೇಗೂರಲ್ಲಿ ಅವಾಗ್ಲೂ ಟ್ರಾಫಿಕ್ ಹಿಂಗೇ ಇತ್ತಾ?”

ನಾನು ಬಿಡಲಿಲ್ಲ. “ಆಮೇಲೆ ಇರುಗ ಅನ್ನೋನಿಗೆ ನಾಗತ್ತರನ ಪಟ್ಟ ಕಟ್ಟಿ, ಬೇಗೂರೂ ಸೇರಿದ ಹಾಗೆ ಹನ್ನೆರಡು ಊರು ಕೊಟ್ಟರು.”

ಅಲ್ಲಿಯವರೆಗೆ ಕಲ್ಲಿಗೆ ಬೆನ್ನು ಹಾಕಿ ನೀರಿನ ಬಾಟಲಿ ಮುಚ್ಚುತ್ತಿದ್ದ ಹೆಂಡತಿ ಥಟ್ಟನೆ ತಿರುಗಿದಳು. “ಹನ್ನೆರಡು ಊರಾ? ಬೇಗೂರು ಸುತ್ತಮುತ್ತ? ನೀವು ನಾಲ್ಕು ವರ್ಷದಿಂದ ಒಂದು ತರ್ಟಿ ಫಾರ್ಟಿ ಸೈಟು ನೋಡ್ತಾನೇ ಇದೀರಿ.”

“ಅದಕ್ಕೆ ಒಬ್ಬರು ಸಾಯಬೇಕಾಯ್ತು,” ಎಂದೆ.

“ಇಎಂಐ ಅಂದ್ರೂ ಅಷ್ಟೇ ಅಲ್ವಾ,” ಎಂದಳು.

ಅತ್ತೆ ವೀರಗಲ್ಲನ್ನು ಹತ್ತಿರದಿಂದ ನೋಡಿ ಪರಿಚಯದವರನ್ನು ಕಂಡಂತೆ ನಕ್ಕರು. “ಇಂಥವು ನಮ್ಮೂರ ಕೆರೆ ಏರಿ ಮೇಲೆ ಮೂರು ಅವೆ. ಹಬ್ಬದಲ್ಲಿ ಅರಿಶಿನ ಕುಂಕುಮ ಇಕ್ತೀವಿ. ಮಿಕ್ಕಿದ್ ದಿನ ಬಟ್ಟೆ ಒಗೀತೀವಿ. ಅದರ ಮ್ಯಾಲೆ ಒಗುದ್ರೆ ಕೊಳೆ ಬಲೇ ಚೆನ್ನಾಗ್ ಬುಡ್ತದೆ, ಅಳೀಂದ್ರೇ.” ಎಂ.ಎ. ಪೇಪರಿನಲ್ಲಿ ಈ ಅಂಶ ಇರಲಿಲ್ಲ.

ಹೀಗೆ ನನ್ನ ವಿದ್ವತ್ತು ಕರಗುತ್ತಾ ಬರುತ್ತಿರುವಾಗ ಪುಟ್ಟಿ ದೂರದಿಂದ ಕಿರುಚಿದಳು: “ನಾಯಿ! ಅಣ್ಣಾ, ನಾಯಿ!”

ಆತಕೂರಿನ ಕಲ್ಲು. ಅದರ ಮುಂದೆ ಎರಡೂ ಮಕ್ಕಳು ನೆಲಕ್ಕೆ ಕೂತೇಬಿಟ್ಟರು. ಕಲ್ಲಿನ ಮೇಲ್ಭಾಗದಲ್ಲಿ ಒಂದು ಕಾಡುಹಂದಿ, ಅದರೊಡನೆ ಸೆಣಸುತ್ತಿರುವ ಒಂದು ನಾಯಿ. ಮಿಕ್ಕಂತೆ ಹತ್ತನೇ ಶತಮಾನದ ದುಂಡು ಕನ್ನಡ ಅಕ್ಷರಗಳ ಸಾಲು. ರಾಜನಿಲ್ಲ, ರಾಣಿಯಿಲ್ಲ, ದೇವರೂ ಇಲ್ಲ. ಇಡೀ ಕಟ್ಟಡದಲ್ಲಿ ಮಕ್ಕಳಿಗೆ ಯಾರೂ ವಿವರಿಸದೆಯೇ ತಿಳಿದ ಕಲ್ಲು ಇದೊಂದೇ.

ನನಗೂ ಹುರುಪು ಬಂತು. ಸಾಕ್ಷಾತ್ ಶಾಸನವೇ ನಾನೆಂಬಂತೆ ನಿಂತು ಹೇಳತೊಡಗಿದೆ. “ಕ್ರಿಸ್ತಶಕ 949-50. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲಂ ಅನ್ನೋ ಊರಲ್ಲಿ ದೊಡ್ಡ ಯುದ್ಧ. ಕೃಷ್ಣನ ಕಡೆ ಗಂಗರ ಬೂತುಗ. ರಾಜಾದಿತ್ಯನನ್ನ ಕೊಂದವನು ಬೂತುಗನೇ. ಅದಕ್ಕೆ ಅವನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಹೀಗೆ ನಾಡಿಗೆ ನಾಡೇ ಬಹುಮಾನ.”

“ನಾಯಿ ಎಲ್ಲಿ?” ಎಂದಳು ಪುಟ್ಟಿ.

“ಬಂತು ಇರು. ಬೂತುಗನ ಕಡೆ ಮಣಲೇರ ಅಂತ ಒಬ್ಬ ವೀರ. ಅವನು ಹೋರಾಡಿದ್ದನ್ನ ನೋಡಿ ದೊರೆ ಮೆಚ್ಚಿ, ಏನು ಬೇಕೋ ಬೇಡಿಕೋ ಅಂದ. ಏನು ಕೇಳಿದ ಹೇಳಿ?”

“ಸೈಟು,” ಎಂದಳು ಹೆಂಡತಿ.

“ಕಾಳಿ ಅನ್ನೋ ನಾಯೀನ ಕೇಳಿದ!”

ಮಕ್ಕಳ ಬಾಯಿ ತೆರೆದದ್ದು ತೆರೆದೇ ಇತ್ತು. ಹೆಂಡತಿ ಮಾತ್ರ ಹುಬ್ಬು ಗಂಟಿಕ್ಕಿ, “ಮನೆಗೆ ಹೋದಾಗ ಅವನ ಹೆಂಡತಿ ಏನಂದಳು ಅಂತ ಇದರಲ್ಲಿ ಬರೆದಿದ್ಯಾ?” ಎಂದಳು.

“ಇಲ್ಲ.”

“ಬರೆಸಿರಲ್ಲ.”

“ನಾಯಿ ಒಂದೇ ಅಲ್ಲ ಮಾರಾಯ್ತಿ, ಆತಕೂರು ಹನ್ನೆರಡೂ ಸಿಕ್ಕಿತು ಅವನಿಗೆ. ಬಾಳ್ಗಚ್ಚು ಅಂತಾರೆ. ಯುದ್ಧದಲ್ಲಿ ಗೆದ್ದವನ ಕತ್ತಿ ತೊಳೆದು ಕೊಡೋ ಕೊಡುಗೆ.”

“ಕತ್ತಿ ತೊಳೆದ್ರೆ ಊರು ಕೊಡ್ತಿದ್ರಾ? ಇಲ್ಲಿ ದಿನಾ ಎರಡು ಹೊತ್ತು ಪಾತ್ರೆ ತೊಳೀತೀನಿ.”

ನಾನು ಕೇಳಿಸದವನಂತೆ ಮುಂದುವರಿದೆ. ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟದ್ದು, ಎರಡೂ ಕಾದಾಡಿ ಒಟ್ಟಿಗೆ ಸತ್ತದ್ದು, ಮಣಲೇರ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಅದಕ್ಕಾಗಿ ಈ ಕಲ್ಲು ನಿಲ್ಲಿಸಿದ್ದು. ಪುಟ್ಟಿಯ ಕಣ್ಣು ತುಂಬಿತ್ತು. ಮಗ, “ಹಂದಿ ಎಷ್ಟು ಕೆಜಿ ಇತ್ತು?” ಎಂದು ವೀರಾವೇಶದಲ್ಲಿದ್ದ.

“ಆತಕೂರು ಅಂದ್ರೆ ನಮ್ ಆತಗೂರಾ? ಮದ್ದೂರ್ ತಾಲ್ಲೂಕಿಂದು?” ಎಂದರು ಅತ್ತೆ ಹಿಂದಿನಿಂದ.

“ಹೌದು, ಅದೇ.”

“ಅಲ್ಲಿಗೇ ನಮ್ ಚಿಕ್ಕವ್ವನ್ನ ಕೊಟ್ಟಿರದು!” ಅತ್ತೆ ಚಪ್ಪಲಿಯನ್ನು ಕಂಕುಳಿಗೆ ಸೇರಿಸಿ ಕಲ್ಲಿನ ಹತ್ತಿರ ಬಂದರು. “ನಮ್ಮೂರ್ ಕಡೆ ನಾಯಿ ಇದು. ಇಲ್ಲಿಗ್ಯಾಕೆ ತಂದ್ರು?”

“ಕಾಪಾಡೋಕೆ, ಅತ್ತೆ. ಅಲ್ಲೇ ಇದ್ದಿದ್ರೆ ನೀವು ಬಟ್ಟೆ ಒಗೀತಿದ್ರಿ.”

ಅತ್ತೆಗೆ ಇದಕ್ಕೆ ಉತ್ತರವಿರಲಿಲ್ಲ. ಆ ಗೆಲುವಿನ ಮದದಲ್ಲಿ, ಸುಮ್ಮನಿರಬಹುದಾಗಿದ್ದ ನಾನು ಶಾಸನದ ಕೊನೆಯ ಭಾಗವನ್ನೂ ಹೇಳಿದೆ. ಈ ಕಲ್ಲಿಗೆಂದು ಮಣಲೇರ ಭೂಮಿ ಬಿಟ್ಟಿದ್ದಾನೆ, ಆ ಭೂಮಿಯನ್ನು ಅನುಭವಿಸುವ ಗೊರವ, ಅಂದರೆ ಅಲ್ಲಿನ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟುತ್ತದೆ.

“ನಾಯಿ ಏನ್ ಪಾಪ ಮಾಡಿರ್ತದೆ, ಪಾಪ!” ಎಂದರು ಅತ್ತೆ.

ಮಕ್ಕಳು ಕೂಡಲೇ ಪಟ್ಟಿ ಮಾಡತೊಡಗಿದರು. ಚಪ್ಪಲಿ ಕಚ್ಚಿದ ಪಾಪ. ಕಂಬದ ಮೇಲೆ ಉಚ್ಚೆ ಹೊಯ್ದ ಪಾಪ. ಪೋಸ್ಟ್‌ಮ್ಯಾನ್ ಅಟ್ಟಿಸಿಕೊಂಡು ಹೋದ ಪಾಪ. ಕ್ರಿಸ್ತಶಕ 949ರಲ್ಲಿ ಪೋಸ್ಟ್‌ಮ್ಯಾನ್ ಇರಲಿಲ್ಲವೆಂದು ನಾನು ತಿದ್ದುವಷ್ಟರಲ್ಲಿ ಮಗನಿಗೆ ಬೇರೆ ಯೋಚನೆ ಹೊಳೆದಿತ್ತು. “ಅಪ್ಪಾ, ಕಲ್ಲು ಇಲ್ಲಿದೆ. ಹಾಗಾದ್ರೆ ಈಗ ಗೊರವ ಯಾರು?”

ನಾಲ್ಕು ಜೊತೆ ಕಣ್ಣು ಒಟ್ಟಿಗೆ ಬಾಗಿಲ ಕಡೆ ತಿರುಗಿದವು. ಕಾವಲಿನವರು ಕುರ್ಚಿಯಲ್ಲಿ ಕೂತಿದ್ದರು. ಕುರ್ಚಿಯ ಕೆಳಗೆ ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್.

ಪುಟ್ಟಿಯನ್ನು ತಡೆಯುವುದರೊಳಗೆ ಅವಳು ಅಲ್ಲಿದ್ದಳು. “ಅಂಕಲ್, ತಿಂಡಿ ಆಯ್ತಾ?”

“ಆಯ್ತು ಪುಟ್ಟಾ, ಇಡ್ಲಿ. ನಿಂದಾಯ್ತಾ?”

“ಆ ನಾಯಿಗೆ ಪೂಜೆ ಮಾಡಿ ತಿಂದ್ರಾ, ಮಾಡದೆ ತಿಂದ್ರಾ?”

ಅವರು ನನ್ನ ಮುಖ ನೋಡಿದರು. ವಿವರಿಸಬೇಕಾಯಿತು. ಮೊದಲು ನಕ್ಕರು, ಆಮೇಲೆ ನಗು ನಿಧಾನವಾಗಿ ಇಳಿಯಿತು. “ಸಾರ್, ಹಂಗಂತ ಅದರಲ್ಲಿ ಬರೆದೈತಾ? ಎಷ್ಟೋ ವರ್ಷದಿಂದ ಇದರ ಎದುರಿಗೇ ಕೂತು ಊಟ ಮಾಡ್ತಿದೀನಲ್ಲ ಸಾರ್!”

“ಅದು ಚಲ್ಲೇಶ್ವರದ ಗೊರವನಿಗೆ ಮಾತ್ರ. ಭೂಮಿ ಅನುಭವಿಸೋನಿಗೆ. ನಿಮಗೆ ಭೂಮಿ ಕೊಟ್ಟಿಲ್ವಲ್ಲ, ನಿಮಗೆ ತಟ್ಟಲ್ಲ,” ಎಂದು ವಿಮೆಯ ಭಾಷೆಯಲ್ಲಿ ಷರತ್ತು ಬಿಡಿಸಿ ಹೇಳಿದೆ.

“ಗದ್ದೆ ಯಾರ್ದೋ, ಪಾಪ ನಂದು. ಎಲ್ಲಾ ಕಡೆ ಹಂಗೇ ಅಲ್ವಾ ಸಾರ್,” ಎಂದರು ಅವರು ನಿಟ್ಟುಸಿರಿಟ್ಟು.

ಅತ್ತೆ ಈ ಗೋಜಲನ್ನು ಎರಡು ನಿಮಿಷದಲ್ಲಿ ಬಗೆಹರಿಸಿದರು. ತುರುಬಿಗೆ ಕೈ ಹಾಕಿ ಮಲ್ಲಿಗೆ ದಂಡೆಯಿಂದ ಗೇಣುದ್ದ ಹರಿದರು. ಕಾವಲಿನವರು ಗೋಡೆಯ ಮೇಲಿನ ಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಕಲ್ಲನ್ನು ಮುಟ್ಟದೆ, ಅದರ ಮುಂದಿನ ನೆಲದ ಮೇಲೆ ಹೂವಿಟ್ಟು ಅತ್ತೆ, “ಕಾಳವ್ವಾ, ಇವರ್ದೂ ತಪ್ಪಿಲ್ಲ, ನಂದೂ ತಪ್ಪಿಲ್ಲ, ನೋಡ್ಕೊಳವ್ವ” ಎಂದರು. ಕಾವಲಿನವರು ಗಡಿಯಾರ ನೋಡುತ್ತಲೇ, “ಊಟಕ್ಕೆ ಇನ್ನೊಂದ್ ಗಂಟೆ ಐತೆ. ಒಳ್ಳೇ ಟೈಮಿಗೆ ಆಯ್ತು” ಎಂದರು.

ಮಹಡಿಯ ಮೇಲೆ ಮೈಸೂರು ಶೈಲಿಯ ಚಿತ್ರಗಳಿದ್ದವು. ಟಿಪ್ಪುವಿನ ಕಾಲದ ಶ್ರೀರಂಗಪಟ್ಟಣದ ಕೋಟೆಯ ಮಾದರಿಯೂ ನೋಡಬೇಕಾದದ್ದೇ. ನಮ್ಮ ಮನೆಯಿಂದ ಅವನ್ನು ನೋಡಿದವನು ನಾನೊಬ್ಬನೇ, ಅದೂ ಓಡುತ್ತಾ. ಮಿಕ್ಕವರೆಲ್ಲ ಕೆಳಗೆ ಕಾಳಿಯ ಮುಂದೆ ಸಂಸಾರ ಹೂಡಿದ್ದರು.

ಕಬ್ಬನ್ ಪಾರ್ಕಿನ ಬಿದಿರು ಮೆಳೆಯ ಬಳಿ ಚಿತ್ರಾನ್ನದ ಡಬ್ಬಿ ತೆರೆದಾಗ ಅಪಾಯದ ಮೊದಲ ಸೂಚನೆ ಸಿಕ್ಕಿತು. ನಾನು ತುತ್ತು ಎತ್ತಿದ ಕೈಯನ್ನು ಮಗ ಹಿಡಿದುಕೊಂಡ. ಪಾರ್ಕಿನ ಬೀದಿನಾಯಿಗಳು ಅಷ್ಟರಲ್ಲಿ ಸುತ್ತ ಕೂತಿದ್ದವು. ಪುಟ್ಟಿ ಪ್ರತಿಯೊಂದಕ್ಕೂ ಬಡಿಸಿದಳು. ಕಡಲೆಬೇಳೆಯನ್ನು ಅವೂ ಆರಿಸಿ ಬಿಟ್ಟವು. ನನ್ನ ಪಾಲಿಗೆ ಉಳಿದದ್ದು ಕಡಲೆಬೇಳೆ ಮತ್ತು ಒಣಮೆಣಸಿನಕಾಯಿ.

ನಾಯಿ ಸಾಕುವ ವಿಷಯ ನಮ್ಮ ಮನೆಯಲ್ಲಿ ಹೊಸದಲ್ಲ. ಎಷ್ಟೋ ಸಲ ಮಕ್ಕಳು ಕೇಳಿ, ನಾನು ಬೇಡವೆಂದು, ತೀರ್ಪಾಗಿ ಮುಗಿದಿತ್ತು. ಈಗ ಅವರು ಹೊಸ ದಾಖಲೆಯೊಂದಿಗೆ ಮರುವಿಚಾರಣೆಗೆ ಬಂದರು. ಯುದ್ಧ ಗೆದ್ದವನೇ ಊರು ಕೇರಿ ಬಿಟ್ಟು ನಾಯಿ ಕೇಳಿದ್ದಾನೆ. ಅದನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಸಾವಿರ ವರ್ಷದಿಂದ ಅಳಿಸಿಲ್ಲ. ಅಪ್ಪನೇ ಓದಿ ಹೇಳಿದ್ದಾರೆ. ಇನ್ನೇನು ಸಾಕ್ಷಿ ಬೇಕು? ನಾನು ಲಸಿಕೆಯ ಖರ್ಚು, ಕೂದಲು, ರಾತ್ರಿ ಬೊಗಳುವುದು ಎಲ್ಲ ಹೇಳಿದೆ. “ಇದೆಲ್ಲ ಯಾವ ಶಾಸನದಲ್ಲಿದೆ?” ಎಂದ ಮಗ.

ಅವನ ಗಮನ ಬೇರೆ ಕಡೆ ಸೆಳೆಯಲೆಂದು ನಾನು ಶಾಸನಗಳ ಶಾಪದ ವಿಷಯ ಎತ್ತಿದೆ. ದಾನ ಕೊಟ್ಟದ್ದನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ, ಎಷ್ಟೋ ದಾನಶಾಸನಗಳು ಮುಗಿಯುವುದೇ ಹೀಗೆ. ಇದನ್ನು ಮಕ್ಕಳ ಮುಂದೆ ಹೇಳಿದ ಮೇಲೆ ಮನೆಯಲ್ಲಿ ನಡೆದದ್ದನ್ನು ಊಹಿಸಲು ಎಂ.ಎ. ಬೇಕಿಲ್ಲ. ಒಂದು ವಾರ ಮನೆಯ ಸಕಲ ವ್ಯವಹಾರವೂ ಹುಳುವಿನ ಮೇಲೆ ನಡೆಯಿತು. ಕಾರ್ಟೂನ್ ಚಾನೆಲ್ ಬದಲಾಯಿಸಿದವರು ಹುಳು. ಕೊನೇ ಚಕ್ಕುಲಿ ತಿಂದವರು ಹುಳು. ಪುಟ್ಟಿಯ ಮಿಸ್ ಡೈರಿಯಲ್ಲಿ ಬರೆದು ಕಳಿಸಿದರು: ರಬ್ಬರ್ ವಾಪಸ್ ಕೊಡದ ಸಹಪಾಠಿಗೆ ನಿಮ್ಮ ಮಗಳು ಅರವತ್ತು ಸಾವಿರ ವರ್ಷದ ಅವಧಿ ವಿಧಿಸಿದ್ದಾಳೆ, ದಯವಿಟ್ಟು ಗಮನಿಸಿ.

“ಮಕ್ಕಳಲ್ಲಿ ಇತಿಹಾಸಪ್ರಜ್ಞೆ ಬೆಳೀತಿದೆ,” ಎಂದಳು ಹೆಂಡತಿ ಡೈರಿಯನ್ನು ನನ್ನ ಮುಂದೆ ಹಿಡಿದು. “ಸಹಿ ನೀವೇ ಹಾಕಿ.”

ಅತ್ತೆ ಕಣ್ಣಿನ ಡ್ರಾಪ್ಸ್ ಹಿಡಿದು ಊರಿಗೆ ಹೋದರು. ನಾಯಿ ವಿಷಯವೂ ತಣ್ಣಗಾಯಿತೆಂದು ನಾನು ನೆಮ್ಮದಿಯಾಗಿದ್ದೆ. ಮುಂದಿನ ತಿಂಗಳು ಮತ್ತೆ ಕಣ್ಣು ತೋರಿಸಲು ಬಂದಾಗ ಅವರ ಕೈಯಲ್ಲಿ ಒಂದು ವೈರ್ ಬುಟ್ಟಿ, ಅದರ ಮೇಲೆ ಟವೆಲ್ಲು. ನುಗ್ಗೆಕಾಯಿ ಇರಬಹುದೆಂದು ಕೈ ನೀಡಿದೆ. ನುಗ್ಗೆಕಾಯಿ ನನ್ನ ಬೆರಳು ನೆಕ್ಕಿತು.

“ಆತಗೂರಿಗೇ ಹೋಗಿ ತಂದೆ ಅಳೀಂದ್ರೇ, ಚಿಕ್ಕವ್ವನ ಮನೇದು. ಬಸ್ಸಲ್ಲಿ ಒಂದ್ ಸದ್ದಿಲ್ಲ. ಕಂಡಕ್ಟ್ರಿಗೆ ಕೋಳಿ ಅಂದೆ.”

ಮರಿ ಅಚ್ಚ ಬಿಳಿ. ಹೆಸರು ಮಾತ್ರ ಕಾಳಿ ಎಂದು ಅದು ಬುಟ್ಟಿಯಿಂದ ಇಳಿಯುವ ಮೊದಲೇ ನಿರ್ಧಾರವಾಗಿತ್ತು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಮರಿಯ ಹೊಟ್ಟೆ ಸವರುತ್ತಾ, “ನೀವೇ ಅಲ್ವಾ ಪರಂಪರೆ ಉಳಿಸಬೇಕು ಅಂದದ್ದು” ಎಂದು ಹೇಳಿ ಹಾಲು ತರಲು ಒಳಗೆ ಹೋದಳು.

ನಮ್ಮ ಬಾಡಿಗೆ ಕರಾರಿನಲ್ಲಿ ನಾಯಿ, ಬೆಕ್ಕು, ಗೋಡೆಗೆ ಮೊಳೆ, ಈ ಮೂರೂ ನಿಷಿದ್ಧ. ಇದನ್ನು ನಾನು ಮಗನಿಗೆ ವಿವರವಾಗಿ ತಿಳಿಸಿದೆ. ಅವನು ಗಮನವಿಟ್ಟು ಕೇಳಿದ. ಸಂಜೆ ಆಫೀಸಿನಿಂದ ಬಂದಾಗ ಹಾಲಿನ ಗೋಡೆಯ ಮೇಲೆ, ಮೊಳೆ ಹೊಡೆಯದೆ, ಸ್ಕೆಚ್ ಪೆನ್ನಿನಲ್ಲಿ ಒಂದು ಶಾಸನ ಹಾಕಿಸಿದ್ದ. ನೆತ್ತಿಯಲ್ಲಿ ಪುಟ್ಟಿ ಬರೆದ ಸೂರ್ಯ ಚಂದ್ರ, ಸೂರ್ಯನಿಗೆ ಮೀಸೆ. ನಡುವೆ ನಾಲ್ಕು ಕಾಲಿನ ಒಂದು ಪ್ರಾಣಿ. ಅದರ ಕೆಳಗೆ:

“ಸ್ವಸ್ತಿ ಶ್ರೀ. ಎರಡನೇ ಮಹಡಿಯನ್ನು ಅಮ್ಮ ಆಳುತ್ತಿರಲು ಅಜ್ಜಿ ಆತಗೂರಿಂದ ಕಾಳಿಯನ್ನು ತಂದಳು. ಅದಕ್ಕೆ ಈ ಮೂಲೆಯನ್ನು ಕೊಟ್ಟೆವು. ಮೂಡಲು ಚಪ್ಪಲಿ ಸ್ಟ್ಯಾಂಡು, ತೆಂಕಲು ಗ್ಯಾಸ್ ಸಿಲಿಂಡರು, ಪಡುವಲು ಅಪ್ಪ ಕೂರುವ ಕುರ್ಚಿ, ಬಡಗಲು ಗೋಡೆ. ಕಾಳಿಗೆ ಅನ್ನ ಹಾಕದೆ ಉಂಡವರಿಗೆ ಕಾಳಿ ಮಾಡುವ ಪಾಪ ತಟ್ಟುವುದು. ಇದನ್ನು ಅಳಿಸಿದವರು ಅರವತ್ತು ಸಾವಿರ ವರ್ಷ ಕಕ್ಕದಲ್ಲಿ ಹುಳು. ಸಾಕ್ಷಿ ಪುಟ್ಟಿ. ಮಂಗಳ.”

ಬೈಯಲು ಬಾಯಿ ತೆರೆದವನು ಹಾಗೇ ಓದುತ್ತಾ ನಿಂತೆ. ಮಂಗಳದಿಂದ ಹಿಡಿದು ಚತುಸ್ಸೀಮೆಯವರೆಗೆ ಎಲ್ಲ ಸರಿಯಾಗಿತ್ತು. ನನ್ನ ಎಂ.ಎ. ಉತ್ತರಪತ್ರಿಕೆಗಿಂತ ಚೆನ್ನಾಗಿತ್ತೆಂದರೆ ತಪ್ಪಿಲ್ಲ. ಇಡೀ ಶಾಸನದಲ್ಲಿ ನನ್ನ ಉಲ್ಲೇಖ ಒಂದೇ ಕಡೆ, ಪಡುವಣ ಗಡಿಯಾಗಿ. ಅದೂ ನಾನಲ್ಲ, ಕುರ್ಚಿ.

ಮನೆ ಓನರ್ ಬಂದದ್ದು ನೀರಿನ ಟ್ಯಾಂಕರ್ ದುಡ್ಡು ಕೇಳಲು. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುವ ನನ್ನ ಉಪಾಯ ಫಲಿಸಲಿಲ್ಲ. ಅತ್ತೆ ಕಾಫಿಗೆ ಕರೆದರು. ಓನರ್ ಹಾಲಿಗೆ ಬಂದು, ಮೊದಲು ಗೋಡೆ ನೋಡಿದರು. ಕನ್ನಡಕ ಏರಿಸಿ ಮೇಲಿಂದ ಕೆಳಗಿನವರೆಗೆ ತುಟಿಯಾಡಿಸುತ್ತಾ ಓದಿದರು. ಆಮೇಲೆ ಮೂಲೆಯಲ್ಲಿ ನನ್ನ ಸಾಕ್ಸ್ ಅಗಿಯುತ್ತಾ ಅವತ್ತಿನ ಪಾಪ ಮಾಡುತ್ತಿದ್ದ ಕಾಳಿಯನ್ನು ನೋಡಿದರು.

“ಅಳಿಸಿಸ್ತೀನಿ ಸಾರ್, ನಾಳೆನೇ,” ಎಂದೆ ಗಡಿಬಿಡಿಯಲ್ಲಿ.

“ಅಪ್ಪಾ, ಹುಳು!” ಎಂದು ಮಕ್ಕಳಿಬ್ಬರೂ ಚೀರಿದರು.

“ಮಕ್ಕಳು ಹೇಳದ್ ಸುಳ್ಳಲ್ಲಪ್ಪ,” ಎಂದರು ಅತ್ತೆ ಓನರ್ ಕೈಗೆ ಲೋಟ ಕೊಡುತ್ತಾ. “ಆ ಮ್ಯೂಸಿಯಮ್ಮಲ್ಲಿ ನಾನೇ ಕಣ್ಣಾರೆ ಕಂಡಿವ್ನಿ. ಕಾವಲು ಕಾಯೋ ಮಾರಾಯ ಎಷ್ಟ್ ಗಾಬ್ರಿ ಬಿದ್ದ ಗೊತ್ತಾ?”

ಓನರ್ ಕಾಫಿ ಆರಿಸಿಕೊಂಡು, ಶಾಸನದ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು. ಮೂರು ಮನೆ ಬಾಡಿಗೆಗೆ ಬಿಟ್ಟಿರುವ ಅನುಭವ ಅವರದು.

“ನಾನ್ಯಾಕಮ್ಮ ಅಳಿಸ್ಲಿ? ನೀವೂ ಅಳಿಸಬೇಡಿ. ಖಾಲಿ ಮಾಡೋವಾಗ ಪೇಂಟರ್ ಬಂದು ಹೊಡೀತಾನೆ,” ಎಂದರು ತಣ್ಣಗೆ. “ದುಡ್ಡು ನಿಮ್ಮ ಅಡ್ವಾನ್ಸಲ್ಲಿ ಮುರ್ಕೋತೀನಿ. ಹುಳ ಪೇಂಟರ್ ಆಗ್ಲಿ.”